ಹುಂಜಗಳ ಮ್ಯಾಲೆ ನನ್ನ ಡಾಕ್ಟರಿಕಿ

ಮೊದಲಿಗೇ ಒಪ್ಪಿಕೊಂಡುಬಿಡ್ತೀನ್ರಿ. ನಾನು ಒಂದು ಹೇಂಟಿ ಕೋಳಿಗೆ ಖಸ್ಸಿ ಆಪರೇಷನ್ ಮಾಡೀನಿ. ಖಸ್ಸಿ ಅಂದ್ರ ಬೀಜ ತೆಗೆಯೋದು. ಹೋರಿಗೆ, ಹೋತಕ್ಕ ಮಾಡ್ತಾರಲ್ಲ, ಅದ. ಹೇಂಟಿ ಅಂದ್ರ ಹೆಣ್ಣು. ಈ ಎರಡು ಮಾತು ಬಾಜೂಬಾಜೂ ಇಟ್ಟು ನೋಡಿದ ಮ್ಯಾಲೆ ನನ್ನ ಬಗ್ಗೆ ನಿಮಗ ಏನು ಅನಸ್ತೈತಿ ಅನ್ನೋದು ನನಗ ಗೊತ್ತೈತಿ. ನಮ್ಮ ಅವ್ವಗೂ ಅದ ಅನಿಸಿತ್ತು. ಆಕಿ ಬಾಯಿಬಿಟ್ಟು ಅಂದಳು, ನೀವು ಮನಸಿನ್ಯಾಗ ಅನ್ನಾಕತ್ತೀರಿ, ಇಷ್ಟ ಫರಕು. ಮನುಷ್ಯಾ ಅಂದ ಮ್ಯಾಲೆ ಇಲ್ಲದ್ದನ್ನ ಹುಡುಕೋದು ಇದ್ದದ್ದ. ಕೆಲವರು ಮನಶ್ಶಾಂತಿ ಹುಡುಕ್ತಾರ, ಕೆಲವರು ಮುಂಜಾನಿ ಪಟಾನ್‌ಚೆರು ಬಸ್ಸಿನ್ಯಾಗ ಕುಂಡ್ರಾಕ ಸೀಟು ಹುಡುಕ್ತಾರ. ಆದ್ರ ಬ್ಯಾಟರಿ ಹಿಡಕೊಂಡು, ಬೆವರು ಒರಸ್ಕೋತ, ಹೆಣ್ಣುಕೋಳಿ ಹೊಟ್ಟ್ಯಾಗ ಗಂಡಸ್ತನ ಹುಡುಕಿದಾಂವ ಇಡೀ ಹೈದರಾಬಾದಿಗೆ ನಾ ಒಬ್ಬನ ಇರಬೇಕು.

ನಾವು ಮೂಲ ಕಲಬುರ್ಗಿ ಕಡೆಯವರು. ಅಪ್ಪಂದು ಆಂಧ್ರ ಸರ್ಕಾರದ ನೌಕರಿ. ಅವರಿಗೆ ಆಗ ವಿಜಯವಾಡಾಕ್ಕ ವರ್ಗ ಆಗಿತ್ತು, ಹಬ್ಬಕ್ಕ ಹುಣ್ಣಿವಿಗೆ ಬಂದು ಹೋಗ್ತಿದ್ರು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದ ಒಂದು ಬಾಡಿಗಿ ಮನ್ಯಾಗ ನಾನು, ಅವ್ವ ಇಬ್ಬರ. ನಾನು ಮಣಿಕೊಂಡದ ಹೊಸ ಆಫೀಸುಗಳಿಗೆ ನೀರಿನ ಕ್ಯಾನು ಮುಟ್ಟಿಸೋ ಏಜೆನ್ಸಿಯಾಗ ಸೂಪರ್‌ವೈಜರ್. ಹೆಸರು ದೊಡ್ಡದು, ಕೆಲಸ ಮಾತ್ರ ಖಾಲಿ ಕ್ಯಾನು ವಾಪಸ್ ಬಂದಾವೋ ಇಲ್ಲೋ ನೋಡೋದು. ಅವ್ವಗ ಮನಿ ಹಿಂದಿನ ಅಂಗಳ ಸಿಕ್ಕಿದ್ದ ತಡ, ಬೀಗರ ಕಡೆಯಿಂದ ತತ್ತಿ ತಂದು ಕಾವಿಗೆ ಕುಂಡ್ರಿಸಿ ಜವಾರಿ ಕೋಳಿ ಸಂಸಾರ ಶುರು ಮಾಡಿಬಿಟ್ಟಳು. ಒಂದೊಂದಕ್ಕೂ ಹೆಸರು. ಹೆಸರು ಇಟ್ಟ ಮ್ಯಾಲೆ ಮನ್ಯಾಗ ಒಂದು ಕಾನೂನು: ಅವ್ವನ ಕೈಯಾಗಿಂದು ಕಾಳು ತಿಂದ ಕೋಳಿ ನಮ್ಮ ಮನಿ ಗಡಿಗಿಗೆ ಬರಂಗಿಲ್ಲ. ಹಂಗಂತ ನಾವೇನು ಸನ್ಯಾಸಿಗಳಲ್ಲ. ಐತವಾರ ಬಂತಂದ್ರ ಅವ್ವನ ನನ್ನ ಕೈಯಾಗ ಚೀಲ ಕೊಟ್ಟು ಖಾಜಾಭಾಯಿ ಅಂಗಡಿಗೆ ಕಳಸ್ತಿದ್ದಳು. ಅಂದ್ರ ಗುರುತು ಪರಿಚಯ ಇಲ್ಲದ ಕೋಳಿ ತಿನ್ನಬಹುದು. ಪರಿಚಯ ಆದ ಮ್ಯಾಲೆ ಅದು ಮಾನವೀಯತೆಗೆ ಸೇರಿದ ವಿಷಯ.

ಕಷ್ಟ ಶುರು ಆಗಿದ್ದು ಮರಿಗೋಳು ದೊಡ್ಡವಾದಾಗ. ಒಂದು ತಂಡದಾಗ ಮೂರು ಹುಂಜ ಬಂದವು. ಹರೇದ ಹುಂಜ ಕೂಗು ಕಲಿಯೋದು ಕೇಳೀರೇನು? ಬಾಗಲದ ಕೀಲಿಗೆ ಎಣ್ಣಿ ಇಲ್ಲದಾಗ ಬರ್ತೈತಲ್ಲ, ಆ ದನಿ. ಅದೂ ಸೂರ್ಯಾ ಹುಟ್ಟಿದ ಮ್ಯಾಲೆ, ಮೂರೂ ಪಾಳಿ ಹಚ್ಚಿ. ನಮ್ಮ ಮ್ಯಾಲಿನ ಅಂತಸ್ತಿನ್ಯಾಗ ಮನಿ ಮಾಲಕರು ಸತ್ಯಂಗಾರು ಇದ್ರು. ಅವರು ಪಟಾನ್‌ಚೆರು ಕಡೆ ಒಂದು ಔಷಧ ಫ್ಯಾಕ್ಟರ್‍ಯಾಗ ರಾತ್ರಿ ಪಾಳಿ ಮುಗಿಸಿ ಬಸ್ಸಿನ್ಯಾಗ ನಿಂತಕೊಂಡ ಮನಿಗೆ ಬಂದು, ದಿಂಬಿಗೆ ತಲಿ ಕೊಡೋದಕ್ಕೂ ನಮ್ಮ ಹುಂಜಗೋಳು ಗಂಟಲಾ ಸರಿ ಮಾಡ್ಕೊಳ್ಳೋದಕ್ಕೂ ಬರಾಬರ್ ಆಗ್ತಿತ್ತು. ಸತ್ಯಂಗಾರು ಜಗಳ ಮಾಡೋ ಮನುಷ್ಯಾ ಅಲ್ಲ. ಮಾಡಿದ್ರ ಚಲೋ ಇತ್ತು, ನಾವೂ ಮಾಡ್ತಿದ್ವಿ. ಕೆಂಪು ಕಣ್ಣು ತಗೊಂಡು ಕೆಳಗ ಬಂದು, ಬಾಗಲದ ಚೌಕಟ್ಟು ಹಿಡಕೊಂಡು, ತೆಲುಗಿನ್ಯಾಗ ಭಾಳ ಮೆತ್ತಗ ಅಂದ್ರು: "ಅಮ್ಮಾ, ನಿಮ್ಮಂಥಾ ಬಾಡಿಗಿಯವರು ನನಗ ಸಿಗಂಗಿಲ್ಲ. ಆದ್ರ ನಿದ್ದಿನೂ ಸಿಗವಲ್ದು. ದೀಪಾವಳಿ ತನಕ ನೋಡ್ರಿ. ಕೂಗು ನಿಲ್ಲಲಿಲ್ಲಂದ್ರ ಕೋಳಿ ಎಲ್ಲಾ ಖಾಲಿ ಮಾಡ್ರಿ, ಇಲ್ಲಾ ಮನಿ ಖಾಲಿ ಮಾಡ್ರಿ."

ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹುಂಜಗಳನ್ನ ಯಾರಿಗರೆ ಕೊಟ್ಟುಬಿಡೂಣು ಅಂದ್ರ, "ಹುಂಜ ಕೇಳಾಕ ಬರೋರೆಲ್ಲಾ ಮನ್ಯಾಗ ಮಸಾಲಿ ಅರದಿಟ್ಟ ಬರ್ತಾರ" ಅಂದಳು. ಅದೂ ಖರೇನ. ಆಗ ನಾನು ಊಟಕ್ಕ ಕುಂತಾಗ, ರೊಟ್ಟಿ ಮುರಕೋತ, ಯಾವನೋ ಕ್ಯಾನಿನ ಲಾರಿ ಡ್ರೈವರ್ ಹೇಳಿದ್ದನ್ನ ನಾನ ಕಂಡುಹಿಡಿದಂಗ ಹೇಳಿದೆ: "ಅವ್ವಾ, ಫಿಕರ್ ಮಾಡಬ್ಯಾಡ. ಹುಂಜ ಮರಿ ಇದ್ದಾಗ ಬೀಜ ತೆಗೆದುಬಿಟ್ರ ಅದು ಕೂಗಂಗಿಲ್ಲ, ಕಾಳಗ ಮಾಡಂಗಿಲ್ಲ, ಸಾಧು ಆಗಿ ಒಂದು ಮೂಲ್ಯಾಗ ಕುಂಡ್ರತೈತಿ."

"ಯಾರು ತಗೀತಾರ?"

"ನಾನ."

ಅವ್ವ ನನ್ನ ಕೈ ನೋಡಿದಳು. ಹಿಂದಿನ ವಾರ ಇದ ಕೈ ಹಲಸಿನ ಹಣ್ಣು ಬಿಡಸಾಕ ಹೋಗಿ ತನ್ನ ಬಟ್ಟನ್ನ ಬಿಡಿಸಿಕೊಂಡಿತ್ತು. "ಗೋವಿಂದಕಾಕಾನ ಕೇಳು" ಅಂದಳು.

ಗೋವಿಂದಕಾಕಾ ಅಪ್ಪನ ಚಿಕ್ಕಪ್ಪನ ಮಗ. ಪಶುಪಾಲನಾ ಇಲಾಖೆಯಾಗ ದುಡದು ರಿಟೈರ್ ಆದವರು. ನಮ್ಮ ಬಳಗದಾಗ ಎಲ್ಲಾರೂ ಅವರಿಗೆ ಡಾಕ್ಟರ್ ಅಂತಿದ್ರು. ಮದುವಿ ಪತ್ರಿಕ್ಯಾಗೂ ಹಂಗ ಹಾಕಸ್ತಿದ್ರು. ಕಾಕಾ ಒಂದ ಮಾತಿಗೆ ತಯಾರಾದ್ರು. ನಮ್ಮ ಕಟ್ಟಿ ಮ್ಯಾಲೆ ಕುಂತು, ಚಹಾ ಕುಡಕೋತ, ಪಾಠ ಶುರು ಹಚ್ಚಿದ್ರು: "ನೋಡು ಸಂಜ್ಯಾ, ಹೋತದಂಗ ಹೊರಗ ಜೋತಾಡೂದಲ್ಲ ಇದು. ಹುಂಜಂದು ಒಳಗ, ಬೆನ್ನೆಲುಬಿಗೆ ಹತ್ತಿಕೊಂಡು ಇರ್ತಾವ. ಕಡೀ ಎರಡು ಪಕ್ಕೆಲುಬಿನ ನಡುವ ಕೊಯ್ಯಬೇಕು. ಚರ್ಮಾ ಮೊದಲ ಬಾಜೂಕ ಜಗ್ಗಿ ಹಿಡೀಬೇಕು, ಬಿಟ್ಟ ಕೂಡಲೆ ಅದು ತಾನ ಬಂದು ಗಾಯ ಮುಚ್ಚತೈತಿ, ಹೊಲಿಗಿ ಬೇಕಾಗಂಗಿಲ್ಲ. ಒಳಗ ಬ್ಯಾಟರಿ ಬಿಟ್ಟರ ಗೋದಿಕಾಳು ಇದ್ದಂಗ ಒಂದು ಕಾಣ್ತೈತಿ. ಹಳದಿ ಬಣ್ಣ. ತಂತಿ ಕುಣಿಕಿ ಹಾಕು, ತಿರುವು, ತಗಿ. ಆ ಬಾಜೂನೂ ಅಷ್ಟ. ಚೂರ ಉಳೀತೋ, ಮುಗೀತು, ಮತ್ತ ಹುಂಜನ." ಅವರು ಹೇಳೋದು ಕೇಳಿದ್ರ ನನಗ ಪೂರಿ ಕರಿಯೋದು ಇದಕ್ಕಿಂತ ಕಠಿಣ ಅನಿಸಿತು. ಇಷ್ಟು ವರ್ಷದ ನೌಕರ್‍ಯಾಗ ಕಾಕಾ ಟಪಾಲು ವಿಭಾಗ ಬಿಟ್ಟು ಹೊರಗ ಬಂದಿದ್ದಿಲ್ಲ, ಇದೆಲ್ಲಾ ಇಲಾಖೆ ಪುಸ್ತಕಕ್ಕ ಅಂಚೆಚೀಟಿ ಹಚ್ಚೋ ಮುಂದ ಓದಿದ್ದು ಅನ್ನೋದು ನನಗ ಗೊತ್ತಾಗಿದ್ದು ಆಮ್ಯಾಲೆ.

ಜೀವ ಇದ್ದದ್ದರ ಮ್ಯಾಲೆ ಕೈ ಇಡೋಕಿಂತ ಮೊದಲ ಸತ್ತದ್ದರ ಮ್ಯಾಲೆ ರೂಢಿ ಮಾಡಬೇಕು ಅಂತ ಕಾಕಾನ ಅಪ್ಪಣೆ ಆತು. ಐತವಾರ ಖಾಜಾಭಾಯಿ ಅಂಗಡಿಗೆ ಹೋದೆ. ಗಿರಾಕಿ ಸಾಲು ಹಿಡದು ನಿಂತಾರ. ನಾನು ಒಂದು ಇಡೀ ಹುಂಜ ತಗೊಂಡು, ಕೊಯ್ಸಿ, ತುಂಡು ಮಾಡಬ್ಯಾಡ ಅಂತ ಹೇಳಿ, ಅಲ್ಲೇ ಕಟ್ಟಿ ಮ್ಯಾಲೆ ಬಗ್ಗಿ, ಪಕ್ಕೆಲುಬು ಎಣಿಸಿ, ಬ್ಲೇಡು ಹಾಕಿ, ಬ್ಯಾಟರಿ ಬಿಟ್ಟು ಒಳಗ ಇಣುಕಿ ನೋಡಾಕತ್ತಿದ್ದೆ. ಖಾಜಾಭಾಯಿ ಕತ್ತಿ ಹಿಡದ ಕೈ ಹಂಗ ನಿಲ್ಲಿಸಿದ.

"ಕ್ಯಾ ಢೂಂಡ್ರೈ ಮಿಯಾ? ಘಡಿ ಗಿರ್ ಗಯೀ ಕ್ಯಾ ಅಂದರ್?"

ಗಡಿಯಾರ ಬಿದ್ದಿಲ್ಲ, ಹುಂಜಕ್ಕ ಖಸ್ಸಿ ಮಾಡೋದು ಕಲಿಯಾಕತ್ತೀನಿ ಅಂದೆ. ಅಂವ ಸಾಲಿನ್ಯಾಗ ನಿಂತವರನ್ನ ಒಮ್ಮೆ ನೋಡಿ, ನನ್ನನ್ನ ಒಮ್ಮೆ ನೋಡಿ, "ಮರೇಸೋ ಮುರ್ಗೇಕೂ ಅಬ್ ಖಸ್ಸಿ ಕರ್ಕೇ ಕ್ಯಾ ಸುಧಾರ್‍ತೇ? ನಕ್ಕೋ ಭಾಯ್, ಘರ್ ಜಾವ್" ಅಂದ. ಸತ್ತ ಹುಂಜನ್ನ ಸುಧಾರಿಸಾಕ ಹೊಂಟಾಂವ ಅಂತ ಆ ಗಲ್ಲಿಯಾಗ ನನಗ ಹೆಸರು ಬಂತು. ಆದ್ರೂ ಗೋದಿಕಾಳು ಮಾತ್ರ ಸಿಕ್ಕಿತ್ತು. ಗೋದಿಕಾಳು ಅಲ್ಲ, ಅಂಗಡಿ ಹುಂಜಂದು ಅವರೆಕಾಳಿನಷ್ಟಿತ್ತು. ನನಗ ಎದಿ ಉಬ್ಬಿತು.

ಆಪರೇಷನ್ನಿಗೆ ಹಿಂದಿನ ದಿನದಿಂದ ಕೋಳಿಗೆ ಕಾಳು ನೀರು ಏನೂ ಕೊಡಬಾರದು. ಹೊಟ್ಟಿ ತುಂಬಿದ್ರ ಕರಳು ಅಡ್ಡ ಬಂದು ಒಳಗ ಏನೂ ಕಾಣಂಗಿಲ್ಲ. ಇದನ್ನ ಅವ್ವಗ ಬಿಡಿಸಿ ಬಿಡಿಸಿ ಹೇಳಿದೆ, ಮೂರು ಹುಂಜನ್ನೂ ಬುಟ್ಟಿ ಅಡಿಯಾಗ ಹಾಕಿ ಮ್ಯಾಲೆ ರುಬ್ಬೋ ಒಳ್ಳುಕಲ್ಲು ಇಟ್ಟೆ. ಮರುದಿನ ಮುಂಜಾನಿ ಕಾಕಾ ಬಂದು ಮೊದಲನೇ ಹುಂಜದ ಗಂಟಲಾ ಮುಟ್ಟಿ ನೋಡಿದ್ರು. ಕಾಳು ಕೂಡೋ ಚೀಲ ತುಂಬಿ ಲಿಂಬಿಹಣ್ಣಿನಂಗ ಆಗಿತ್ತು. ಕೊಕ್ಕಿಗೆ ಬೆಳ್ಳಗ ಏನೋ ಹತ್ತಿತ್ತು.

"ಅವ್ವಾ, ಇದೇನು?"

"ಮಸರು ಸಕ್ಕರಿ" ಅಂದಳು ಅವ್ವ, ಏನೂ ಆಗಿಲ್ಲ ಅನ್ನೋಹಂಗ. "ದೊಡ್ಡ ಕೆಲಸಕ್ಕ ಹೋಗೋ ಮುಂದ ಬಾಯಿಗೆ ಒಂಚೂರು ಮಸರು ಸಕ್ಕರಿ ಬೀಳಲಿಲ್ಲಂದ್ರ ಹೆಂಗ? ನಿನಗ ಎಲ್ಲಾ ಪರೀಕ್ಷಾಕ್ಕೂ ಹಾಕೇನಿ."

"ನಾ ಎಲ್ಲಾದ್ರಾಗೂ ಫೇಲ್ ಆದೆ."

"ಅದು ಮಸರಿನ ತಪ್ಪಲ್ಲ."

ಒಂಚೂರು ಅಂದ್ರ ಆಕಿ ಲೆಕ್ಕದಾಗ ಒಂದು ಬಟ್ಟಲ. ಮಸರಿನ ಸಂಗಡ ಅನ್ನಾನೂ ಕಲಸಿದ್ದಳು. ಅವತ್ತಿನ ಆಪರೇಷನ್ ರದ್ದು. ಮುಂದಿನ ಸರತಿ ನಾನು ಬುಟ್ಟಿ ಬಾಜೂಕ ಕುರ್ಚಿ ಹಾಕ್ಕೊಂಡು ಕಾವಲು ಕುಂತೆ. ಅವ್ವ ಸೆರಗಿನ್ಯಾಗ ಏನೋ ಮುಚ್ಚಿಕೊಂಡು ಆಕಡೆ ಈಕಡೆ ತಿರುಗಿ, ನನ್ನ ಮಾರಿ ನೋಡಿ, "ಖಸಾಯಿ" ಅಂತ ಹೇಳಿ ಒಳಗ ಹೋದಳು. ಹಿಂಗ ಕಾವಲು ಕಾಯೋ ಧಾವತಿಯಾಗ ನಾ ಮಾಡಿದ ಘನಂದಾರಿ ತಪ್ಪು ಅಂದ್ರ, ಬುಟ್ಟಿ ಅಡಿಗೆ ಯಾರನ್ನ ಹಾಕೀನಿ ಅನ್ನೋದು ಸರಿಯಾಗಿ ನೋಡದ ಇದ್ದದ್ದು.

ಆ ತಂಡದಾಗ ಒಂದು ಕೋಳಿ ಇತ್ತು. ಹೆಸರು ಇನ್ನೂ ಇಟ್ಟಿದ್ದಿಲ್ಲ. ಬ್ಯಾರೆ ಮರಿಗಳ ಕಾಳು ಕಸಗೊಳ್ಳೋದು ಅದ, ಬೆಕ್ಕಿನ ಮ್ಯಾಲೆ ಏರಿ ಹೋಗೋದು ಅದ, ನಾ ಹಿಡಿಯಾಕ ಹೋದ್ರ ಹಿಂದ ಸರೀದ ನನ್ನ ಪಾದಕ್ಕ ಕುಕ್ಕೋದೂ ಅದ. ಜುಟ್ಟು ಜರಾ ಕೆಂಪಗ. ಇಷ್ಟು ಪೌರುಷ ಇದ್ದದ್ದು ಗಂಡ ಇರಬೇಕು ಅಂತ ನಾ ತೀರ್ಮಾನ ಮಾಡಿಬಿಟ್ಟೆ. ನಮ್ಮ ಮನ್ಯಾಗ ಅವ್ವನ ಕೈ ಕೆಳಗ ಹುಟ್ಟಿ ಬೆಳದು, ಅಪ್ಪ ರಜಾಕ್ಕ ಬಂದಾಗ ಆಕಿ ಎದುರಿಗೆ ಹೆಂಗ ಮೆತ್ತಗ ಕುಂಡ್ರತಾರ ಅನ್ನೋದು ಕಣ್ಣಾರೆ ನೋಡಿದಾಂವ ನಾನು. ಜೋರು ಮಾಡೋದೆಲ್ಲಾ ಗಂಡು ಅಂತ ತಿಳಕೊಳ್ಳಾಕ ನನಗಿಂತ ಕಡಿಮಿ ಕಾರಣ ಇದ್ದಾಂವ ಯಾರೂ ಇರಲಿಕ್ಕಿಲ್ಲ. ಆದ್ರೂ ತಿಳಕೊಂಡೆ. ಸಂಭಾವಿತ ಹುಂಜ ಒಂದು ಹೇಂಟಿ ಅನಿಸಿಕೊಂಡು ಹೊರಗ ಉಳೀತು, ಈ ಮಹಾತಾಯಿ ಬುಟ್ಟಿ ಅಡಿ ಬಂತು.

ಅಂಗಳದಾಗ ಚಾಪಿ, ಚಾಪಿ ಮ್ಯಾಲೆ ಹಲಿಗಿ. ಸ್ಪಿರಿಟ್ಟು, ಹತ್ತಿ, ಹೊಸಾ ಬ್ಲೇಡು, ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಗಾಯ ಅಗಲ ಹಿಡಿಯೋ ಚಿಮಟಿಗಿ. ಅದರ ರೆಕ್ಕಿ ಕಾಲು ಅರಿವಿಯಿಂದ ಮೆತ್ತಗ ಕಟ್ಟಿ ಮಲಗಿಸಿದ್ವಿ. ಅವ್ವ ತಲಿ ಹಿಡಕೊಂಡು ಕುಂತು ಕಿವಿ ಹತ್ರ ಏನೇನೋ ಹೇಳಾಕತ್ತಿದ್ದಳು, ನನ್ನ ಬಗ್ಗೆ ಇರಬೇಕು. ನಾ ಪುಕ್ಕ ಕಿತ್ತೆ, ಚರ್ಮ ಬಾಜೂಕ ಜಗ್ಗಿದೆ, ಕೊಯ್ದೆ. ಕೊಯ್ದ ಕೂಡಲೆ ಚಕ್ಕರ್ ಬಂದಿದ್ದು ಕೋಳಿಗಲ್ಲ, ನನಗ. ಕಾಕಾ ಸ್ಪಿರಿಟ್ಟಿನ ಹತ್ತಿ ಕೋಳಿಗೆ ಹಚ್ಚೋದು ಬಿಟ್ಟು ನನ್ನ ಮೂಗಿಗೆ ಹಿಡದ್ರು. ಸುಧಾರಿಸಿಕೊಂಡು ಒಳಗ ನೋಡಿದೆ. ಕೆಂಪಗ, ಗುಲಾಬಿ ಬಣ್ಣದ್ದು, ಎಲ್ಲಾ ತಮ್ಮ ತಮ್ಮ ಕೆಲಸ ಮಾಡ್ಕೋತ ಕುಂತಾವ. ಗೋದಿಕಾಳು ಮಾತ್ರ ಇಲ್ಲ.

"ಕಾಕಾ, ಇಲ್ರಿ."

"ಇರ್ತೈತಿ, ಸರಿಯಾಗಿ ನೋಡು. ಕೆಲವಕ್ಕ ಒಳಗ ಇರ್ತಾವ."

ಬ್ಯಾಟರಿ ಆಕಡೆ ಬಿಟ್ಟೆ, ಈಕಡೆ ಬಿಟ್ಟೆ. ಕಾಕಾ ತಾವೂ ಬಗ್ಗಿ ನೋಡಿದ್ರು, ಚಸ್ಮಾ ಮ್ಯಾಲೆ ಮಾಡಿ ನೋಡಿದ್ರು, ಚಸ್ಮಾ ತಗದು ನೋಡಿದ್ರು. ಕಡೀಕ, "ಈ ಬಾಜೂಂದು ಹುಟ್ಟಾ ಇಲ್ಲ ಅಂತ ಕಾಣ್ತೈತಿ, ಆ ಬಾಜೂ ನೋಡು" ಅಂತ ತೀರ್ಪು ಕೊಟ್ರು. ಹೊಳ್ಳಿ ಹಾಕಿ ಎಡಗಡೆ ಕೊಯ್ದೆ. ಅಲ್ಲಿ ಖರೇನ ಏನೋ ಇತ್ತು. ಸಣ್ಣ ಸಣ್ಣ ಹರಳು, ಒಂದು ಚಿಟಿಗಿ ರವಾ ಉದುರಿಸಿದಂಗ.

"ಕಾಕಾ, ಗೋದಿಕಾಳು ಅಲ್ರಿ ಇದು. ರವಾ ಐತಿ."

ಕಾಕಾ ಚಸ್ಮಾ ಹೊಳ್ಳಿ ಹಾಕ್ಕೊಂಡ್ರು. ಟಪಾಲು ವಿಭಾಗದ ಅಷ್ಟೂ ವರ್ಷದ ಅನುಭವ ಒಟ್ಟು ಮಾಡಿ, "ಗೋದಿ ಒಡದು ರವಾ ಆಗಿರಬೇಕು. ನೀ ಕಟ್ಟೋ ಮುಂದ ಜೋರು ಒತ್ತೀದಿ" ಅಂದ್ರು.

ಅವ್ವ ಕೋಳಿ ತಲಿ ಬಿಡದ ಕತ್ತು ಚಾಚಿ ಒಳಗ ಇಣುಕಿದಳು. ಆಮ್ಯಾಲೆ ನನ್ನ ಮಾರಿ ನೋಡಿದಳು, ಕಾಕಾನ ಮಾರಿ ನೋಡಿದಳು. "ಲೇ ಮಂಗ್ಯಾ, ಅವು ತತ್ತಿ. ಮುಂದ ಆಗೋ ತತ್ತಿಗೋಳು. ಹೇಂಟಿನ್ನ ಕೊಯ್ಕೊಂಡು ಕುಂತೀರಲ್ಲೋ ಇಬ್ಬರೂ ಡಾಕ್ಟರು." ಕಾಕಾ ಎದ್ದು, ತಮ್ಮ ಚಪ್ಪಲ ಹುಡುಕಿ, ಲಿಂಗಂಪಲ್ಲಿ ರೈಲಿನ ಟೈಮಾತು ಅಂದ್ರು. ಅವರ ಮನಿ ಇದ್ದದ್ದು ನಮ್ಮ ಹಿಂದಿನ ಗಲ್ಲ್ಯಾಗ.

ಪುಣ್ಯಾಕ್ಕ ಒಳಗಿಂದು ಏನೂ ತಗದಿದ್ದಿಲ್ಲ. ಇದ್ರಲ್ಲ ತಗಿಯಾಕ. ಚರ್ಮ ಬಿಟ್ಟ ಕೂಡಲೆ ಗಾಯ ತಾನ ಮುಚ್ಚಿತು, ಅವ್ವ ಅರಿಷಿಣ ಒತ್ತಿದಳು. ಕಟ್ಟು ಬಿಚ್ಚಿದ್ದ ತಡ ಎದ್ದು ನಿಂತು ಅದು ಮಾಡಿದ ಮೊದಲ ಕೆಲಸ ನನ್ನ ಪಾದಕ್ಕ ಕುಕ್ಕಿದ್ದು. ನಾ ಕಾಲು ಹಿಂದಕ್ಕ ತಗೊಳ್ಳಲಿಲ್ಲ. ಅಷ್ಟು ನ್ಯಾಯ ಅದಕ್ಕ ಸಿಗಬೇಕಿತ್ತು. ಆದ್ರ ಎರಡು ದಿನಕ್ಕ ಅದರ ಮೈ ಉಬ್ಬಾಕ ಹತ್ತಿತು. ಗಾಯದಿಂದ ಗಾಳಿ ಚರ್ಮದ ಅಡಿ ಸೇರಿ, ಮೂರನೇ ದಿನ ಕೋಳಿ ಹೋಗಿ ಜಾತ್ರಿ ಗಾಳಿಬುಗ್ಗಿ ಆಗಿತ್ತು. ಎರಡೂ ಕಾಲು ಅಗಲ ಇಟ್ಟು, ಶೆಟ್ಟರ ಹಂಗ ನಡಿಯಾಕತ್ತಿತ್ತು. ನಾ ಹೆದರಿ ಕಾಕಾನ ಮನಿಗೆ ಓಡಿದೆ. ಕಾಕಾ ಬಾಗಲಾ ಅರ್ಧ ತಗದು, "ಸೂಜಿ ಚುಚ್ಚು, ಗಾಳಿ ಹೋಗ್ತೈತಿ, ನನ್ನ ಹೆಸರು ಹೇಳಬ್ಯಾಡ" ಅಂದು ಹಾಕ್ಕೊಂಡ್ರು. ಮನಿಗೆ ಬಂದು ಅವ್ವಗ ಹೇಳಿದೆ. ಆಕಿ ತನ್ನ ರವಿಕಿ ಹೊಲಿಯೋ ಸೂಜಿ ತಂದು, ಸ್ಪಿರಿಟ್ಟಿನ್ಯಾಗ ಅದ್ದಿ, ತಟ್ಟನ ಚುಚ್ಚಿದಳು. ಪುಸ್ಸ್ ಅಂತ ಶೆಟ್ಟರು ಇಳದು ಮೊದಲಿನ ಕೋಳಿ ಆತು. ಅವತ್ತ ಅದಕ್ಕ ಹೆಸರೂ ಇಟ್ಟಳು: ರವವ್ವ.

ಇಷ್ಟಾದ ಮ್ಯಾಲೂ ದೀಪಾವಳಿ ನಿಲ್ಲಂಗಿಲ್ಲಲ್ಲ. ಖರೇ ಹುಂಜಗೋಳು ಮೂರೂ ಸುರಕ್ಷಿತವಾಗಿ ಕೂಗಾಕತ್ತಿದ್ದವು, ಸತ್ಯಂಗಾರ ಕಣ್ಣು ದಿನಾ ಒಂದು ಬಣ್ಣ ಹೆಚ್ಚು ಕೆಂಪಾಗಾಕತ್ತಿದ್ದವು. ಅವ್ವ ಸಾಮಾನು ಕಟ್ಟೋ ರಟ್ಟಿನ ಪೆಟ್ಟಿಗಿ ಬ್ಯಾರೆ ನೋಡಾಕ ಶುರು ಮಾಡಿದ್ದಳು. ನನಗ ಅದು ತಡೀಲಿಲ್ಲ. "ಇನ್ನೊಮ್ಮೆ ಕೈ ಹಾಕ್ತೀನಿ" ಅಂದೆ. ಅವ್ವ ಮೂರು ಷರತ್ತು ಹಾಕಿದಳು: ಕಾಕಾ ಬರಬಾರದು, ಗಂಡು ಯಾವುದು ಹೆಣ್ಣು ಯಾವುದು ಆಕಿನ ನೋಡಿ ಕೊಡಬೇಕು, ಮಸರು ಸಕ್ಕರಿ ಕೋಳಿ ಬದಲಿ ನನಗ. ಮತ್ತ ಒಂದು ವಾರ ಖಾಜಾಭಾಯಿ ಅಂಗಡಿಯಾಗ ಸತ್ತ ಹುಂಜಗಳ ಮ್ಯಾಲೆ ಕೈ ಪಳಗಿಸಿದೆ. ಅಂವ ನನಗಂತ ಒಂದು ಮೂಲಿನ ಬಿಟ್ಟುಕೊಟ್ಟಿದ್ದ. ಗಿರಾಕಿ ಕೇಳಿದ್ರ "ಡಾಕ್ಟರ್ ಸಾಬ್ ಹೈ, ಥೋಡಾ ದಿಮಾಗ್ ಕಾ ಲೋಚಾ" ಅಂತಿದ್ದ, ತಲಿ ಜರಾ ಕೆಟ್ಟೈತಿ ಅಂತ.

ಈ ಸರತಿ ಬ್ಯಾಟರಿ ಬಿಟ್ಟ ಕೂಡಲೆ ಕಂಡಿತು. ಗೋದಿಕಾಳಿಗಿಂತ ಜರಾ ದೊಡ್ಡದು, ಹಳದಿ, ಎಷ್ಟು ಸ್ವಚ್ಛ ಇತ್ತಂದ್ರ ನನಗ ಕಣ್ಣಾಗ ನೀರು ಬಂತು. ಬಾಜೂಕ ದಪ್ಪ ರಕ್ತದ ನರ ಹಾಯ್ದಿರ್ತೈತಿ, ಅದಕ್ಕ ಕುಣಿಕಿ ತಾಗಿದ್ರ ಕೋಳಿ ಅಲ್ಲೇ ಖಲಾಸ್. ಮೆತ್ತಗ ತಿರುವಿದೆ, ಬಂತು. ಆ ಬಾಜೂಂದೂ ಬಂತು. ಎರಡನೇ ಹುಂಜಂದೂ ಸರಳ ಬಂದವು. ಮೂರನೇದಕ್ಕ ಬರೋದ್ರಾಗ ನಾನು ದೊಡ್ಡ ಸರ್ಜನ್ ಆಗಿಬಿಟ್ಟಿದ್ದೆ. "ಅವ್ವಾ, ಇದನ್ನ ಊರಾಗ ಧಂಧೆ ಮಾಡಬಹುದು" ಅಂತ ಮಾತಾಡ್ಕೋತ ತಿರುವಿದೆ. ಕುಣಿಕ್ಯಾಗ ಬಂದದ್ದು ಒಂಚೂರು ಸಣ್ಣ ಅನಿಸಿತು. ಇರಲಿ ಬಿಡು, ಅದರ ದೈವಾನ ಅಷ್ಟ ಅಂದುಕೊಂಡು ಚರ್ಮ ಬಿಟ್ಟೆ.

ವಾರ ಎರಡು ವಾರದಾಗ ಮೊದಲಿನ ಎರಡು ಹುಂಜಗಳ ಜುಟ್ಟು ಬಿಳಚಿಕೊಂಡು, ಕೂಗು ನಿಂತು, ಪಿಂಚಣಿ ತಗೊಂಡವರಂಗ ಬಿಸಿಲಿಗೆ ಕುಂಡ್ರಾಕ ಕಲ್ತವು. ಮೂರನೇದರ ಜುಟ್ಟು ಕೆಂಪನ್ನೂ ಅಲ್ಲ, ಬಿಳೀನೂ ಅಲ್ಲ. ಅದು ಗ್ವಾಡಿ ಏರಿ, ಎದಿ ಉಬ್ಬಿಸಿ, "ಕೊಕ್ಕೊ..." ಅಂತ ಶುರು ಮಾಡಿ, ತಾ ಯಾಕ ಬಂದೀನಿ ಅನ್ನೋದು ಮರತವರಂಗ ಅಲ್ಲೇ ನಿಂತುಬಿಡ್ತಿತ್ತು. ನನಗ ಅದೂ ಒಂದು ಗೆಲುವು ಅನಿಸಿತು. ಮೂರು ಕೂಗು ಹೋಗಿ ಅರ್ಧಕ್ಕ ಬಂದಿತ್ತು.

ದೀಪಾವಳಿ ಮುಂದ ಸತ್ಯಂಗಾರು ಮೆಟ್ಟಲ ಇಳದು ಬಂದ್ರು. ಅವ್ವ ಸೆರಗು ಸರಿ ಮಾಡ್ಕೊಂಡು ಬಾಗಲಿಗೆ ನಿಂತಳು. ನಾನು ಆಕಿ ಹಿಂದ ನಿಂತೆ. ಅವರು ಕಟ್ಟಿ ಮ್ಯಾಲೆ ಕುಂತು, ಬಿಸಿಲಿನ್ಯಾಗ ಕುಂತ ಎರಡು ಸಾಧು ಹುಂಜಗಳನ್ನ ಭಾಳ ಹೊತ್ತು ನೋಡಿದ್ರು. ಆಮ್ಯಾಲೆ ನನ್ನ ಕಡೆ ತಿರುಗಿದ್ರು.

"ಬಾಬೂ, ಇವೆರಡರದು ತಕರಾರಿಲ್ಲ. ಆ ಮೂರನೇದು ಐತಲ್ಲ, ಅದು ಮೊದಲ ಪೂರಾ ಕೂಗ್ತಿತ್ತು. ನಾ ನಿಮಗ ಒಂದು ಬೈಗುಳ ಬೈದು, ಮಗ್ಗಲಾ ಬದಲಿಸಿ ಮಲಗ್ತಿದ್ದೆ. ಈಗ ಅರ್ಧಕ್ಕ ನಿಲ್ಲಸ್ತೈತಿ. ಉಳದದ್ದು ಈಗ ಬರ್ತೈತಿ, ಈಗ ಬರ್ತೈತಿ ಅಂತ ನಾ ಕಣ್ಣು ಬಿಟ್ಕೊಂಡು ಕಾಯ್ತೀನಿ. ನನ್ನ ಹೆಂಡ್ತಿ ಎದ್ದು ಕುಂತು, ಮುಂದಿಂದು ಎಲ್ಲೇರಿ ಅಂತ ನನ್ನ ಕೇಳ್ತಾಳ. ನಾ ಏನು ಹೇಳ್ಲಿ?"

ಅವ್ವನ ಮಾರಿ ಇಳೀತು. "ಇನ್ನೊಂದು ಆಪರೇಷನ್ ಮಾಡಿದ್ರ..." ಅಂದೆ. ಅವ್ವ, ಸತ್ಯಂಗಾರು ಇಬ್ಬರೂ ಕೂಡೇ ಬ್ಯಾಡ ಅಂದ್ರು.

ಸತ್ಯಂಗಾರು ಎದ್ದು, ಲುಂಗಿ ಝಾಡಿಸಿ, ಮೆಟ್ಟಲದ ಕಡೆ ನಡದ್ರು. ಎರಡು ಮೆಟ್ಟಲ ಏರಿ ನಿಂತು ಹೇಳಿದ್ರು: "ಕೋಳಿ ಇರಲಿ. ನೀವೂ ಇರ್‍ರಿ. ಆದ್ರ ನಾಳಿಯಿಂದ, ಅದು ಅರ್ಧ ಕೂಗಿ ನಿಂತ ಕೂಡಲೆ ನೀ ಅಂಗಳಕ್ಕ ಬಂದು ಉಳದರ್ಧ ಕೂಗಬೇಕು. ಭಾಳ ಜೋರು ಬ್ಯಾಡ, ಅದರ ದನಿ ಎಷ್ಟೈತೋ ಅಷ್ಟ ಸಾಕು."